ಮುಂಬಯಿಯನ್ನು ನೋಡಬರುವವರಿಗೆ

ಊರಿನಿಂದ ಮುಂಬಯಿಗೆ ಬರುವ ನೆಂಟರಿಷ್ಟರು ಪ್ರಯಾಣದ ಆಯಾಸ ಕಳೆದ ಮೇಲೆ ಕೇಳುವ ಮೊದಲನೆಯ ಪ್ರಶ್ನೆ, ಇಲ್ಲಿ ನೋಡತಕ್ಕದ್ದು ಏನೇನಿದೆ ಎಂಬುದು. ಈ ಪ್ರಶ್ನೆಗೆ ಒಂದು ಕಾಲದಲ್ಲಿ ಸಿದ್ಧವಾದ ಉತ್ತರವಿತ್ತು. ಗೇಟ್‌ವೇ ಆಫ್ ಇಂಡಿಯಾ, ರಾಣಿಬಾಗಿನ ಪ್ರಾಣಿಗಳು, ಮಲಬಾರ್ ಹಿಲ್ಲಿನ ತೂಗುದೋಟ, ಮಹಾಲಕ್ಷ್ಮಿಯ ಗುಡಿ, ಸಂಜೆ ಚೌಪಾಟಿಯಲ್ಲಿ ಭೇಲ್‌ಪುರಿ. ಎರಡು ದಿನಗಳಲ್ಲಿ ಮುಂಬಯಿ ಮುಗಿಯುತ್ತಿತ್ತು. ಈಚಿನ ಎರಡು ಮೂರು ವರ್ಷಗಳಲ್ಲಿ ಬಂದವರು ಈ ಸ್ಥಳಗಳ ಹೆಸರೆತ್ತುವುದು ಕಡಿಮೆ. ಅವರಿಗೆ ಬೇಕಾದದ್ದು ಕಡಲ ಮೇಲೆ ಹಾದುಹೋಗುವ ಉದ್ದನೆಯ ಸೇತುವೆ, ಗುಡ್ಡದ ಅಡಿಯಲ್ಲಿ ಕೊರೆದ ಸುರಂಗ, ನೆಲದೊಳಗೆ ಓಡುವ ರೈಲು. ನಾನು ಇದನ್ನು ತಪ್ಪೆನ್ನುವುದಿಲ್ಲ. ಆದರೆ ಪ್ರವಾಸಿಯ ಪಟ್ಟಿ ಬದಲಾಯಿತೆಂದರೆ, ಊರು ತನ್ನನ್ನು ತಾನು ಪರರಿಗೆ ತೋರಿಸಿಕೊಳ್ಳಬಯಸುವ ರೀತಿಯೂ ಬದಲಾಗಿದೆ ಎಂದು ಅರ್ಥ. ಆ ಬದಲಾವಣೆಯನ್ನು ಕುರಿತು ನಾಲ್ಕು ಮಾತು ಹೇಳಿ, ಅದರ ನಡುವೆಯೇ ದಾರಿ ತೋರಿಸುವ ಕೆಲಸವನ್ನೂ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಹೊಸದರ ಲೆಕ್ಕ. 2024ರ ಜನವರಿ 12ರಂದು ಶಿವಡಿಯಿಂದ ಆಚೆಯ ದಡಕ್ಕೆ ಅಟಲ್ ಸೇತು ತೆರೆಯಿತು; ಉದ್ದ 21.8 ಕಿಲೊಮೀಟರು, ಅದರಲ್ಲಿ ಹದಿನಾರೂವರೆಯಷ್ಟು ನೀರಿನ ಮೇಲೆ. ಅದೇ ವರ್ಷದ ಮಾರ್ಚಿನಲ್ಲಿ ಕರಾವಳಿ ರಸ್ತೆಯ ಮೊದಲ ಪಾರ್ಶ್ವ ತೆರೆಯಿತು. ಮರೀನ್ ಡ್ರೈವಿನಿಂದ ವರಳಿಯವರೆಗೆ ಹತ್ತೂವರೆ ಕಿಲೊಮೀಟರಿನ ಈ ರಸ್ತೆ ಚೌಪಾಟಿ, ಮಲಬಾರ್ ಹಿಲ್‌ಗಳ ಅಡಿಯಲ್ಲಿ ಎರಡು ಕಿಲೊಮೀಟರು ಅವಳಿ ಸುರಂಗವಾಗಿ ಸಾಗಿ, ಮುಂದೆ 2009ರಲ್ಲೇ ಆಗಿದ್ದ ಬಾಂದ್ರಾ-ವರಳಿ ಸೇತುವೆಯನ್ನು ಕೂಡಿಕೊಳ್ಳುತ್ತದೆ. ನೆಲದಡಿಯ ಮೆಟ್ರೋ 2024ರ ಅಕ್ಟೋಬರಿನಲ್ಲಿ ಒಂದು ತುಂಡಾಗಿ ಆರಂಭವಾಗಿ 2025ರ ಅಕ್ಟೋಬರಿನಲ್ಲಿ ಆರೆಯಿಂದ ಕಫ್ ಪರೇಡಿನವರೆಗೆ ಪೂರ್ತಿಯಾಯಿತು. ಮೂವತ್ತಮೂರೂವರೆ ಕಿಲೊಮೀಟರು, 27 ನಿಲ್ದಾಣಗಳು. ಅದೇ ತಿಂಗಳಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣದ ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ವಿಮಾನಗಳು ಹಾರತೊಡಗಿದವು. ಎರಡು ವರ್ಷಗಳೊಳಗೆ ಇಷ್ಟೆಲ್ಲ ಆಯಿತೆನ್ನುವುದು ಸಾಮಾನ್ಯದ ಮಾತಲ್ಲ. ಇಂಜಿನಿಯರುಗಳ ಸಾಮರ್ಥ್ಯಕ್ಕೆ ತಲೆಬಾಗಲೇಬೇಕು.

ಕರಾವಳಿ ರಸ್ತೆಯಲ್ಲಿ ಒಂದು ಮುಂಜಾನೆ ಮೋಟಾರಿನಲ್ಲಿ ಹೋದವನಿಗೆ ಮುಂಬಯಿ ಬಹಳ ಸುಂದರವಾದ ಊರೆಂದು ತೋರುತ್ತದೆ. ಒಂದು ಕಡೆ ತೆರೆದ ಸಮುದ್ರ, ಇನ್ನೊಂದು ಕಡೆ ಆಕಾಶಕ್ಕೆ ಏರಿದ ಸೌಧಗಳ ಸಾಲು, ನಡುವೆ ಹಾಜಿ ಅಲಿಯ ಬಿಳಿಯ ದರ್ಗಾ. ದಾರಿಯಲ್ಲಿ ಒಬ್ಬನೇ ಒಬ್ಬ ಮನುಷ್ಯ ಕಾಣುವುದಿಲ್ಲ. ಗದ್ದಲವಿಲ್ಲ, ಬೆವರಿಲ್ಲ, ಕೈಗಾಡಿಯಿಲ್ಲ. ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ ಜನ ಇದ್ದಾರೆಂದು 2011ರ ಗಣತಿ ಹೇಳಿದ ನಗರವನ್ನು ಜನವಿಲ್ಲದೆಯೇ ತೋರಿಸುವ ಈ ರಸ್ತೆ ನನ್ನ ಮಟ್ಟಿಗೆ ಒಂದು ಇಂದ್ರಜಾಲ. ಎರಡು ಚಕ್ರದ, ಮೂರು ಚಕ್ರದ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಬಸ್ಸುಗಳು ವಿರಳ. ಅಟಲ್ ಸೇತುವಿನಲ್ಲಿಯೂ ಅದೇ ನಿಯಮ. ಮೇಲಾಗಿ ಅಲ್ಲಿ ಮೋಟಾರೊಂದು ಒಮ್ಮೆ ದಾಟಲು 250 ರೂಪಾಯಿ ಸುಂಕವನ್ನು ಗೊತ್ತುಮಾಡಿದರು. ಎಂದಮೇಲೆ ಈ ಎರಡು ಮಾರ್ಗಗಳು ಸ್ವಂತ ಕಾರುಳ್ಳವರಿಗಾಗಿ, ಇಲ್ಲವೆ ಟ್ಯಾಕ್ಸಿಯ ಬಾಡಿಗೆ ತೆರಬಲ್ಲವರಿಗಾಗಿ ಆದವು. 2025ರ ಆಗಸ್ಟಿನಲ್ಲಿ ಕಡಲಂಚಿನ ಕಾಲುದಾರಿಯನ್ನು ತೆರೆದರು. ನಡೆಯಲು ಬಲ್ಲವರು ಅಲ್ಲಿಗೆ ಖಂಡಿತ ಹೋಗಬೇಕು. ಆದರೆ ಕಾಲುದಾರಿ ರಸ್ತೆಗಿಂತ ಒಂದೂವರೆ ವರ್ಷ ತಡವಾಗಿ ಬಂತೆಂಬುದನ್ನೂ ಗಮನಿಸಬೇಕು.

ಸಮುದ್ರವನ್ನು ತುಂಬಿ ನೆಲ ಮಾಡುವುದು ಈ ಊರಿಗೆ ಹೊಸದಲ್ಲ. ಇದು ಮೂಲತಃ ಏಳು ದ್ವೀಪಗಳು. ಪೋರ್ತುಗೀಸರು 1661ರ ವಿವಾಹ ಒಪ್ಪಂದದಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಬಳುವಳಿಯಾಗಿ ಕೊಟ್ಟ ಜಾಗವನ್ನು, ಆತ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ವಹಿಸಿದ. ಅಲ್ಲಿಂದ ಮುಂದೆ ದ್ವೀಪಗಳ ನಡುವಿನ ನೀರನ್ನು ಕಟ್ಟುತ್ತ, ಉಸುಬನ್ನು ತುಂಬುತ್ತ ಒಂದು ಅಖಂಡ ಭೂಮಿಯನ್ನು ಮಾಡಿದರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ 1860ರ ದಶಕದಲ್ಲಿ ಇಲ್ಲಿ ಹಣದ ಹೊಳೆ ಹರಿದಾಗ, ಸಮುದ್ರವನ್ನು ತುಂಬುವ ಕಂಪೆನಿಗಳ ಷೇರುಗಳಿಗಾಗಿ ಜನ ಮನೆಮಠ ಮಾರಿದರು. 1865ರಲ್ಲಿ ಯುದ್ಧ ನಿಂತಿತು, ಷೇರುಗಳು ಕಾಗದವಾದವು. 1920ರ ದಶಕದಲ್ಲಿ ಸರ್ಕಾರವೇ ಬ್ಯಾಕ್‌ಬೇಯನ್ನು ತುಂಬಲು ಹೊರಟಿತು. ಅದರಲ್ಲಿ ನಡೆದ ದುಂದನ್ನೂ ಅವ್ಯವಸ್ಥೆಯನ್ನೂ ಬಯಲಿಗೆಳೆದವರು ಕೆ. ಎಫ್. ನರಿಮನ್ ಎಂಬ ವಕೀಲರು. ಅವರ ಮೇಲೆ ಇಂಜಿನಿಯರೊಬ್ಬ ಮಾನನಷ್ಟದ ಮೊಕದ್ದಮೆ ಹೂಡಿದ. ನರಿಮನ್ ನಿರ್ದೋಷಿಯೆಂದು ತೀರ್ಪಾಯಿತು. ಮುಂದೆ ಅದೇ ಕಡಲನ್ನು ಮತ್ತಷ್ಟು ತುಂಬಿ ಎಬ್ಬಿಸಿದ ಕಚೇರಿಗಳ ಕಾಡಿಗೆ ನರಿಮನ್ ಪಾಯಿಂಟ್ ಎಂದು ಹೆಸರಿಟ್ಟರು! ವಿರೋಧಿಸಿದವನ ಹೆಸರನ್ನು ವಿರೋಧಕ್ಕೆ ಗುರಿಯಾದ ಕೆಲಸಕ್ಕೇ ಇಡುವುದರಲ್ಲಿ ಈ ನಗರದ ಹಾಸ್ಯಪ್ರಜ್ಞೆ ಇದೆಯೋ ಮರೆವು ಇದೆಯೋ ಹೇಳಲಾರೆ.

ಕರಾವಳಿ ರಸ್ತೆಗಾಗಿ ತುಂಬಿದ ಕಡಲು ಸುಮಾರು 111 ಹೆಕ್ಟೇರು. ಈ ಕೆಲಸದ ನಡುವೆ ನಡೆದ ಒಂದು ಪ್ರಕರಣವನ್ನು ಪ್ರವಾಸಿಯ ಕೈಪಿಡಿಗಳು ಹೇಳುವುದಿಲ್ಲವಾದ್ದರಿಂದ ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವರಳಿಯ ಮೂಲೆಯಲ್ಲಿ, ಹಳೆಯ ಕೋಟೆಯ ಮಗ್ಗುಲಿಗೆ, ಕೋಳಿವಾಡಾ ಎಂಬ ಬೆಸ್ತರ ಕೇರಿಯಿದೆ. ಕೋಳಿಗಳು ಈ ದ್ವೀಪಗಳ ಮೂಲನಿವಾಸಿಗಳು. ಊರಿಗೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವತೆ. ಅಲ್ಲಿನ ಕ್ಲೀವ್‌ಲ್ಯಾಂಡ್ ಬಂದರಿನಿಂದ ಅವರ ಚಿಕ್ಕ ದೋಣಿಗಳು ಹೊರಡುತ್ತವೆ. ರಸ್ತೆಯು ಅಲ್ಲಿ ಸೇತುವೆಯಾಗಿ ಹಾಯುವಾಗ ಎರಡು ಕಂಬಗಳ ನಡುವೆ 60 ಮೀಟರು ಅಂತರವಿರಲೆಂದು ನಕ್ಷೆಯಲ್ಲಿ ಬರೆದಿದ್ದರು. ನಕ್ಷೆ ಬರೆದವರ ಕಣ್ಣಿಗೆ 60 ಮೀಟರು ಧಾರಾಳ. ಬೆಸ್ತರ ವಾದ ಬೇರೆ. ಮಳೆಗಾಲದ ಉಬ್ಬರದಲ್ಲಿ, ಬಂಡೆಗಳಿರುವ ಜಾಗದಲ್ಲಿ, ಅಡ್ಡಗಾಳಿ ಬೀಸುವಾಗ ದೋಣಿ ನೆಟ್ಟಗೆ ಹೋಗುವುದಿಲ್ಲ, ಓರೆಯಾಗಿ ಜಾರುತ್ತದೆ; ಎದುರಿನಿಂದ ಇನ್ನೊಂದು ದೋಣಿ ಬಂದರೆ ಕಂಬಕ್ಕೆ ಬಡಿಯದೆ ಗತಿಯಿಲ್ಲ ಎಂದರು. 200 ಮೀಟರು ಬೇಕೆಂದು ಕೇಳಿದರು. ದೋಣಿಗಳನ್ನೇ ಸಾಲಾಗಿ ನಿಲ್ಲಿಸಿ ಕೆಲಸ ತಡೆದರು. ವರ್ಷಗಟ್ಟಲೆ ಮಾತುಕತೆ ನಡೆದು, 2022ರ ಕೊನೆಗೆ ಒಂದು ಕಂಬವನ್ನು ಕೈಬಿಟ್ಟು 120 ಮೀಟರು ಬಿಡಲು ಪಾಲಿಕೆ ಒಪ್ಪಿತು. ನಕ್ಷೆ ಬದಲಾಯಿತು, ಖರ್ಚು ಏರಿತು, ಸೇತುವೆಯೂ ಆಯಿತು.

ಇಷ್ಟು ಸರಳವಾದ ಸಂಗತಿಯನ್ನು ಮೊದಲೇ ಬೆಸ್ತರನ್ನು ಕೇಳಿ ತಿಳಿಯಬಹುದಾಗಿತ್ತಲ್ಲ ಎಂದರೆ ಯಾರೂ ಉತ್ತರಿಸುವುದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಕೇಳಬೇಕಾದ ಜಾಗವೇ ಈ ನಗರದಲ್ಲಿ ಬಹುಕಾಲ ಖಾಲಿ ಬಿದ್ದಿತ್ತು. ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿಗೆ ಮುಗಿದ ಮೇಲೆ, 2026ರ ಜನವರಿಯಲ್ಲಿ ಚುನಾವಣೆ ನಡೆಯುವವರೆಗೆ, ಸುಮಾರು ನಾಲ್ಕು ವರ್ಷ ಚುನಾಯಿತ ಸದಸ್ಯನೊಬ್ಬನೂ ಇಲ್ಲದೆ ಅಧಿಕಾರಿಗಳೇ ಊರನ್ನು ನಡೆಸಿದರು. ಮೇಲೆ ಎಣಿಸಿದ ತೆರೆಯುವಿಕೆಗಳೆಲ್ಲ ಆ ನಾಲ್ಕು ವರ್ಷಗಳೊಳಗಿನವು. ಬೇಗ ಕೆಲಸವಾಗಬೇಕಾದರೆ ಸಭೆ ಸದಸ್ಯರ ಕಾಟ ಇರಬಾರದೆಂದು ವಾದಿಸುವ ಮಿತ್ರರು ನನಗಿದ್ದಾರೆ. ಅವರಲ್ಲಿ ಯಾರೂ ಕೋಳಿವಾಡೆಯಲ್ಲಿ ವಾಸಿಸುವವರಲ್ಲ.

ಇನ್ನು ಬಸ್ಸಿನ ವಿಚಾರ. ಹಳೆಯ ಪ್ರವಾಸಿಯ ಮುಂಬಯಿ ಎಂದರೆ ಟ್ರಾಮು ಮತ್ತು ಡಬಲ್ ಡೆಕ್ಕರ್. ಟ್ರಾಮು 1964ರ ಮಾರ್ಚ್ 31ರ ರಾತ್ರಿ ನಿಂತಿತು. 1937ರಲ್ಲಿ ಬಂದಿದ್ದ ಡೀಸೆಲಿನ ಎರಡಂತಸ್ತಿನ ಬಸ್ಸು 2023ರ ಸೆಪ್ಟೆಂಬರಿನಲ್ಲಿ ಬೀಳ್ಕೊಂಡಿತು. ಅದಕ್ಕೆ ಹೂಮಾಲೆ ಹಾಕಿ ಕಳುಹಿಸಿದರು. ಈಗ ವಿದ್ಯುತ್ತಿನಿಂದ ಓಡುವ, ತಂಪುಗೊಳಿಸಿದ ಎರಡಂತಸ್ತಿನವು ಬಂದಿವೆ, ಮೇಲಿನ ಮುಂದಿನ ಆಸನ ಸಿಕ್ಕರೆ ಬಿಡಬಾರದು. ಆದರೆ ಅಂಕಿಸಂಖ್ಯೆ ಏನು ಹೇಳುತ್ತದೆ ನೋಡಿ. ಒಂದು ಕಾಲಕ್ಕೆ ನಾಲ್ಕು ಸಾವಿರಕ್ಕೂ ಮಿಗಿಲಾಗಿದ್ದ ಬೆಸ್ಟ್ ಸಂಸ್ಥೆಯ ಬಸ್ಸುಗಳು 2025ರ ಹೊತ್ತಿಗೆ ಮೂರು ಸಾವಿರಕ್ಕೂ ಕೆಳಗಿಳಿದವು. ಅವುಗಳಲ್ಲಿಯೂ ಬಹುಪಾಲು ಗುತ್ತಿಗೆದಾರರವು. ಆ ವರ್ಷದ ಮೇ ತಿಂಗಳಲ್ಲಿ ಕನಿಷ್ಠ ದರ ಐದು ರೂಪಾಯಿಯಿಂದ ಹತ್ತಕ್ಕೆ ಏರಿತು. 2025-26ರ ಪಾಲಿಕೆಯ ಆಯವ್ಯಯ 74,427 ಕೋಟಿ ರೂಪಾಯಿ, ನಮ್ಮ ದೇಶದ ಕೆಲವು ಚಿಕ್ಕ ರಾಜ್ಯಗಳ ಆಯವ್ಯಯಕ್ಕಿಂತ ದೊಡ್ಡದು. ಅದರಲ್ಲಿ ಬಸ್ಸಿನ ಸಂಸ್ಥೆಗೆ ಕೊಟ್ಟ ನೆರವು ಒಂದು ಸಾವಿರ ಕೋಟಿ. ಕರಾವಳಿ ರಸ್ತೆಯ ಈ ಹತ್ತೂವರೆ ಕಿಲೊಮೀಟರಿಗೆ ತಗಲಿದ್ದು ಹದಿಮೂರು ಸಾವಿರ ಕೋಟಿಗೂ ಹೆಚ್ಚು. ಬಸ್ಸು ನಷ್ಟದಲ್ಲಿದೆ ಎಂದು ದಿನವೂ ಓದುತ್ತೇವೆ. ರಸ್ತೆ ನಷ್ಟದಲ್ಲಿದೆ ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ರಸ್ತೆಯಿಂದ ಲಾಭ ಬರಬೇಕೆಂದು ಯಾರೂ ಕೇಳಿಲ್ಲ.

ಮುಂಬಯಿಯ ಪ್ರಾಣವಾಹಿನಿ ಮಾತ್ರ ಇಂದಿಗೂ ಲೋಕಲ್ ರೈಲೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಗಾಡಿಯ ಸಂತಾನ ಇದು. ದಿನಕ್ಕೆ ಎಪ್ಪತ್ತು ಲಕ್ಷಕ್ಕೂ ಮಿಕ್ಕು ಜನ ಇದರಲ್ಲಿ ಓಡಾಡುತ್ತಾರೆ. ಹೊಸಬರು ತಿಳಿದಿರಬೇಕಾದದ್ದು ಇಷ್ಟು: ಪಶ್ಚಿಮ, ಮಧ್ಯ, ಹಾರ್ಬರ್ ಎಂದು ಮೂರು ಮುಖ್ಯ ಮಾರ್ಗಗಳು, ಮೊದಲೆರಡು ಸಂಧಿಸುವುದು ದಾದರಿನಲ್ಲಿ. ಫಾಸ್ಟ್ ಗಾಡಿ ಎಲ್ಲ ಕಡೆ ನಿಲ್ಲುವುದಿಲ್ಲ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಈ ಹೊತ್ತಿನಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಹತ್ತುವ ಸಾಹಸ ಬೇಡ. ಸಂಜೆ ವಿರಾರದ ಫಾಸ್ಟ್ ಹತ್ತಿ ಬೊರಿವಲಿಯಲ್ಲಿ ಇಳಿಯುತ್ತೇನೆಂದರೆ ಒಳಗಿನವರು ಇಳಿಯಗೊಡುವುದಿಲ್ಲ. ಅದು ಅವರ ಕ್ರೌರ್ಯವಲ್ಲ, ಅಲ್ಲಿ ತಿರುಗಲು ಜಾಗವಿಲ್ಲ. ಇಳಿಯುವ ನಿಲ್ದಾಣಕ್ಕೆ ಎರಡು ನಿಲ್ದಾಣ ಮೊದಲೇ ಬಾಗಿಲ ಕಡೆಗೆ ಸರಿಯಬೇಕು. ಸರಿಯುವ ಮುನ್ನ ಮುಂದಿನವನನ್ನು "ಉತರ್‌ನಾ ಹೈ ಕ್ಯಾ" ಎಂದು ಕೇಳುವುದು ಇಲ್ಲಿನ ಮರ್ಯಾದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಐದು ರೂಪಾಯಿಯ ಟಿಕೀಟಿನಲ್ಲಿ ಕಿಟಕಿಯ ಬಳಿ ಕುಳಿತು ಊರನ್ನು ನೋಡಬಹುದು.

ಈ ರೈಲಿನ ಇನ್ನೊಂದು ಮುಖವನ್ನು ಹೇಳದಿದ್ದರೆ ನನ್ನ ಕೈಪಿಡಿಯೂ ಉಳಿದವುಗಳಂತೆಯೇ ಆದೀತು. ಹಳಿ ದಾಟುವಾಗ, ಗಾಡಿಯಿಂದ ಬಿದ್ದು, ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಈ ಮಾರ್ಗಗಳಲ್ಲಿ ಸಾಯುತ್ತಾರೆ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಒಬ್ಬರಿಗೊಬ್ಬರು ತಗುಲಿ ಕೆಳಗುರುಳಿದರು. ಕನಿಷ್ಠ ನಾಲ್ವರು ಪ್ರಾಣ ಬಿಟ್ಟರು. ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಎಲ್ಲ ಗಾಡಿಗಳಿಗೂ ಹಾಕಿಸುವೆವೆಂದು ರೈಲ್ವೆಯವರು ಅಂದೇ ಹೇಳಿದರು. ಬಾಗಿಲು ಮುಚ್ಚುವುದು ಒಳ್ಳೆಯದೇ. ಬಾಗಿಲ ಹೊರಗೆ ನೇತಾಡುತ್ತಿದ್ದವರು ಗಾಳಿಗಾಗಿ ನೇತಾಡುತ್ತಿರಲಿಲ್ಲ, ಒಳಗೆ ಸ್ಥಳವಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಪ್ಲಾಟ್‌ಫಾರಮಿನಲ್ಲಿ ಉಳಿಯುವ ಅಷ್ಟು ಜನರಿಗೆ ಗಾಡಿಗಳೆಷ್ಟು ಹೆಚ್ಚಾಗುತ್ತವೆ ಎಂಬುದೇ ಮುಖ್ಯ ಪ್ರಶ್ನೆ.

ಈ ದೃಷ್ಟಿಯಿಂದ ನೆಲದಡಿಯ ಮೆಟ್ರೋವನ್ನು ನಾನು ಮೆಚ್ಚುತ್ತೇನೆ. ಹತ್ತು ರೂಪಾಯಿಯಿಂದ ಎಪ್ಪತ್ತರವರೆಗೆ ದರವಿಟ್ಟಿದ್ದಾರೆ. ಬಡವನಿಗೆ ಅದು ಅಗ್ಗವಲ್ಲ, ಆದರೆ ಕಾರಿಲ್ಲದವನನ್ನು ಹೊರಗೆ ನಿಲ್ಲಿಸುವುದಿಲ್ಲ. ರೈಲೇ ಕಾಣದಿದ್ದ ಕಾಲಬಾದೇವಿ, ಗಿರಗಾಂವ, ವರಳಿಗಳಿಗೆ ಮೊದಲ ಬಾರಿಗೆ ನಿಲ್ದಾಣ ದೊರೆಯಿತು. ಇದಕ್ಕೆ ತೆತ್ತ ಬೆಲೆಯೂ ಉಂಟು. ಗಾಡಿಗಳನ್ನು ನಿಲ್ಲಿಸುವ ಅಂಗಳಕ್ಕಾಗಿ 2019ರ ಅಕ್ಟೋಬರಿನಲ್ಲಿ ಆರೆಯ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ನ್ಯಾಯಾಲಯದ ತೀರ್ಪು ಬಂದ ರಾತ್ರಿಯೇ ಕಡಿಯಲು ಹೊರಟರು. ಹಗಲಿನವರೆಗೆ ಕಾಯಬಾರದಾಗಿತ್ತೆ ಎಂದು ಕೇಳಿದವರು ಮರಪ್ರೇಮಿಗಳು ಮಾತ್ರವೇ ಆಗಿರಲಿಲ್ಲ.

ಗಿರಣಿಗಳ ಗಾವಿನ ವಿಚಾರ ಬಹಳ ಜನ ಬರೆದಾಗಿದೆ, ಆದುದರಿಂದ ಬೇಗ ಮುಗಿಸುತ್ತೇನೆ. ಪರೇಲಿನ ಸುತ್ತ ಎತ್ತರದ ಚಿಮಣಿಯೊಂದು ಗಾಜಿನ ಕಟ್ಟಡಗಳ ನಡುವೆ ನಿಂತಿರುವುದು ಕಂಡರೆ, 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕೆಲಸಗಾರರು ದತ್ತಾ ಸಾಮಂತರ ಮುಂದಾಳುತನದಲ್ಲಿ ಹೂಡಿದ ಮುಷ್ಕರ ನೆನಪಿರಲಿ. ಅದನ್ನು ಹಿಂತೆಗೆದುಕೊಂಡೆವೆಂದು ವಿಧಿವತ್ತಾಗಿ ಯಾರೂ ಸಾರಲಿಲ್ಲ. ಗಿರಣಿಯ ನೆಲವನ್ನು ಮೂರು ಪಾಲು ಮಾಡಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾಮಾನ್ಯರ ವಸತಿಗೆ, ಒಂದು ಪಾಲು ಮಾಲೀಕನಿಗೆ ಎಂದು 1991ರಲ್ಲಿ ನಿಯಮವಾಗಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಬರಿಯ ನೆಲಕ್ಕಷ್ಟೇ ಈ ಪಾಲು ಎಂದರು. ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿಗಳ ಜಾಗದಲ್ಲಿ ಇಂದು ಪೇಟೆಯ ಮಾಲುಗಳಿರುವುದೂ, ಊರಿಗೆ ದೊಡ್ಡ ಉದ್ಯಾನವೊಂದು ದೊರೆಯದೆ ಹೋದದ್ದೂ ಹೀಗೆ.

ನೋಡಬರುವವರಿಗೆ ಯಾರೂ ಹೇಳದ ಇನ್ನೊಂದು ಭಾಗ ಪೂರ್ವದ ಕಡಲು. ಮುಂಬಯಿ ಬಂದರಿನಿಂದ ಹುಟ್ಟಿದ ಊರು, ಬಂದರಿರುವುದು ಪೂರ್ವಕ್ಕೆ. ಪ್ರವಾಸಿ ಮಾತ್ರ ಪಶ್ಚಿಮದ ಸೂರ್ಯಾಸ್ತವನ್ನೇ ನೋಡಿ ಹಿಂದಿರುಗುತ್ತಾನೆ. ಬಂದರನ್ನು ಗೋಡೆಯ ಹಿಂದೆ ಅಡಗಿಸಿದ್ದಾರೆ. 1944ರ ಏಪ್ರಿಲ್ 14ರಂದು ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟಿಕಿನ್ ಹಡಗು ವಿಕ್ಟೋರಿಯಾ ಡಾಕಿನಲ್ಲಿ ಸಿಡಿದು ನೂರಾರು ಜನ ಸತ್ತದ್ದೂ, ಅದರ ನೆನಪಿಗೇ ದೇಶವು ಆ ದಿನವನ್ನು ಅಗ್ನಿಶಾಮಕರ ದಿನವಾಗಿ ಆಚರಿಸುವುದೂ ಹೆಚ್ಚಿನವರಿಗೆ ತಿಳಿಯದು. 1946ರ ಫೆಬ್ರವರಿಯಲ್ಲಿ ನೌಕಾದಳದ ಸೈನಿಕರು ಬಂಡೆದ್ದದ್ದೂ ಈ ದಡದಲ್ಲಿಯೇ. 1989ರಲ್ಲಿ ಆಚೆಯ ದಡದ ನ್ಹಾವಾ ಶೇವಾ ಬಂದರು ಆರಂಭವಾದಂದಿನಿಂದ ಇಲ್ಲಿನ ಸರಕು ಇಳಿಮುಖವಾಯಿತು. ಮುಂದೆ ಈ ವಿಶಾಲವಾದ ಸರ್ಕಾರಿ ನೆಲ ಯಾರ ಕೈಸೇರುತ್ತದೆ ಎಂಬುದು ಮುಂಬಯಿಯ ಬರಲಿರುವ ಮೂವತ್ತು ವರ್ಷಗಳ ದೊಡ್ಡ ವಿಚಾರವೆಂದು ನಾನು ತಿಳಿದಿದ್ದೇನೆ. ಗಿರಣಿಯ ನೆಲದ ಕತೆ ಗೊತ್ತಿರುವವರಿಗೆ ಹೆಚ್ಚು ವಿವರಣೆ ಬೇಡ. ಇರಲಿ. ಬೆಳಗಿನ ಜಾವ ಎದ್ದು ಹೋಗಬಲ್ಲವರು 1875ರ ಸಸೂನ್ ಡಾಕಿಗೆ ಹೋಗಿ ಮೀನಿನ ಹರಾಜನ್ನು ನೋಡಬೇಕು. ಚಳಿಗಾಲದಲ್ಲಾದರೆ ಶಿವಡಿಯ ಕೆಸರಿನಲ್ಲಿ ರಾಜಹಂಸಗಳನ್ನು ಕಾಣಬಹುದು, ಅಟಲ್ ಸೇತುವಿನ ನೆರಳಿನಲ್ಲಿಯೇ.

ಕನ್ನಡಿಗನಿಗೆ ಮುಂಬಯಿ ಪರಊರೆಂದು ಹೇಳುವುದು ಅರ್ಧ ಸತ್ಯ. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳಿಗೆ ಇದೇ ರಾಜಧಾನಿ. ಆ ಭಾಗದ ಹುಡುಗ ಪದವೀಧರನಾಗಬೇಕಾದರೆ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಆಗುವವರೆಗೆ, ಮುಂಬಯಿಯ ವಿಶ್ವವಿದ್ಯಾಲಯದ ಮುದ್ರೆಯೇ ಬೇಕಾಗಿತ್ತು. ತುಳುನಾಡಿನವರು ಬಂದದ್ದು ರಾಜಧಾನಿಯೆಂದಲ್ಲ, ಹೊಟ್ಟೆಪಾಡಿಗೆ. 1902ರಲ್ಲಿಯೇ ಮೊಗವೀರರು ಇಲ್ಲಿ ತಮ್ಮ ಮಂಡಳಿಯನ್ನು ಕಟ್ಟಿಕೊಂಡರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡದ ನೈಟ್ ಸ್ಕೂಲಿನಲ್ಲಿ ಮೆಟ್ರಿಕ್ ಓದಿ, ಬ್ಯಾಂಕಿನ ಗುಮಾಸ್ತರಾಗಿ, ವಕೀಲರಾಗಿ, ಮತ್ತೆ ಕೆಲವರು ತಾವೇ ಹೋಟೆಲಿನ ಯಜಮಾನರಾಗಿ ಏರಿದ ಚರಿತ್ರೆ ಕನ್ನಡ ಜನಜೀವನದ ದೊಡ್ಡ ಅಧ್ಯಾಯಗಳಲ್ಲೊಂದು. ಸರ್ಕಾರ ಹಾಕಿಕೊಟ್ಟ ಯೋಜನೆ ಅದಾಗಿರಲಿಲ್ಲ. ಒಂದು ಊಟ, ಮಲಗಲು ಒಂದು ಬೆಂಚು, ರಾತ್ರಿ ಒಂದು ಶಾಲೆ, ಇಷ್ಟನ್ನು ಒಂದೇ ಬೀದಿಯಲ್ಲಿ ಒದಗಿಸಿದ ವ್ಯವಸ್ಥೆ.

ಮಾಟುಂಗಾಕ್ಕೆ ಹೋದರೆ ಇದರ ಕುರುಹುಗಳು ಇನ್ನೂ ಇವೆ. 1926ರ ಮೈಸೂರು ಅಸೋಸಿಯೇಷನ್ ಅಲ್ಲಿದೆ. ರೈಲು ನಿಲ್ದಾಣದ ಹತ್ತಿರ ರಾಮನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಮೇಲೆ ಊಟ ಹಾಕುತ್ತಾರೆ. ಸಾರು ಅನ್ನವನ್ನು ಎಷ್ಟು ಕೇಳಿದರೂ ಬಡಿಸುತ್ತಾರೆ, ಭಾನುವಾರ ಮಾತ್ರ ಸರದಿ ಕಾಯುವ ತಾಳ್ಮೆ ಬೇಕು. ಆದರೆ ಊರಿನ ಉಳಿದೆಡೆ ಉಡುಪಿ ಹೋಟೆಲುಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ, ಇಲ್ಲವೆ ಪಾವ್‌ಭಾಜಿ, ಚೈನೀಸ್ ಮಾರಿ ಜೀವ ಹಿಡಿದಿವೆ. ಇದಕ್ಕೆ ನಾಲಿಗೆಯ ರುಚಿ ಬದಲಾದದ್ದೇ ಕಾರಣವೆಂದು ಹಲವರು ಹೇಳುತ್ತಾರೆ. ನನಗೆ ಕಂಡಂತೆ ಕಾರಣ ನೆಲದ ಬೆಲೆ. ಇಡ್ಲಿ ಮಾರಿ ಮೂವತ್ತು ವರ್ಷ ಗಳಿಸಬಹುದಾದದ್ದನ್ನು ಅಂಗಡಿಯ ಜಾಗವನ್ನು ಬಿಟ್ಟುಕೊಟ್ಟು ಒಂದೇ ದಿನ ಪಡೆಯಬಹುದಾದರೆ, ಎರಡನೆಯ ತಲೆಮಾರಿನವನು ಒಲೆ ಹಚ್ಚುವುದೇಕೆ? ಅವನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. ಕರಾವಳಿಯ ಹುಡುಗ ಈಗ ಲೋಟ ತೊಳೆಯಲು ಮುಂಬಯಿಗೆ ಬರುವುದಿಲ್ಲ. ಅದು ಸಂತೋಷದ ಸಂಗತಿಯೇ. ಅವನ ಜಾಗದಲ್ಲಿ ಬಿಹಾರದ, ಒಡಿಶಾದ ಹುಡುಗನಿದ್ದಾನೆ. ಅವನಿಗೆ ನೈಟ್ ಸ್ಕೂಲು ಯಾವುದು ಎಂಬ ಪ್ರಶ್ನೆಗೆ ಮಾತ್ರ ನನಗೆ ಉತ್ತರ ಸಿಕ್ಕಿಲ್ಲ. ಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಕನ್ನಡದ ತರಗತಿಗಳಲ್ಲಿ ಮಕ್ಕಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಯಶವಂತ ಚಿತ್ತಾಲರ 'ಶಿಕಾರಿ' (1979) ನಡೆಯುವ ನಗರದಲ್ಲಿ, ಜಯಂತ ಕಾಯ್ಕಿಣಿಯವರ ಕತೆಗಳ ನಗರದಲ್ಲಿ, ಮುಂದೆ ಕನ್ನಡದಲ್ಲಿ ಬರೆಯುವವರು ಎಲ್ಲಿಂದ ಬರಬೇಕು ಎಂದು ಯೋಚಿಸುವುದುಂಟು.

ಭಾಷೆಯ ವಿಷಯದಲ್ಲಿ ಬರುವವರಿಗೆ ಒಂದು ಕಿವಿಮಾತು. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸದರಲ್ಲಿ ದಕ್ಷಿಣದವರ ಮೇಲೆ ಸಿಟ್ಟು ತಿರುಗಿ ಉಡುಪಿ ಹೋಟೆಲುಗಳ ಗಾಜುಗಳು ಒಡೆದಿದ್ದವು. 2025ರಲ್ಲಿ ಒಂದನೆಯ ತರಗತಿಯಿಂದ ಹಿಂದಿಯನ್ನು ಕಲಿಸಬೇಕೆಂಬ ಆಜ್ಞೆ ಹೊರಟು, ಜೂನ್ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಂಡಾಗ ಸಿಟ್ಟಿನ ದಿಕ್ಕು ಬೇರೆಯಾಗಿತ್ತು. ಅಂಗಡಿಯವನನ್ನು ಹೊಡೆದು ಭಾಷೆ ಕಲಿಸುವುದನ್ನು ಯಾರೂ ಒಪ್ಪಲಾರರು. ಆದರೆ ಬೆಂಗಳೂರಿನಲ್ಲಿ ಕನ್ನಡ ಕಲಿಯದವರನ್ನು ಕಂಡು ನೊಂದುಕೊಳ್ಳುವ ನಾವು ಇಲ್ಲಿ ಮರಾಠಿಯ ನಾಲ್ಕು ಮಾತು ಕಲಿಯಲು ಏಕೆ ಹಿಂಜರಿಯಬೇಕು? ಕಷ್ಟವೂ ಇಲ್ಲ, ಬೆಳಗಾವಿ ಧಾರವಾಡದವರಿಗಂತೂ ಅದು ಅರ್ಧ ಬಂದೇ ಇರುತ್ತದೆ.

ಕೊನೆಯದಾಗಿ, ಕನ್ನಡಿಗ ಯಾತ್ರಿಕ ತಪ್ಪಿಸಬಾರದ ಎರಡು ಸ್ಥಳಗಳು. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಕಾಣ್ಹೇರಿಯ ಬೌದ್ಧ ಗುಹೆಗಳಿವೆ, ನೂರಕ್ಕೂ ಹೆಚ್ಚು. ಅಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. ಅವನ ಸಾಮಂತರಾದ ಶಿಲಾಹಾರರು ಈ ಕೊಂಕಣವನ್ನು ಆಳುತ್ತಿದ್ದ ಕಾಲ. ಜಿನಭಕ್ತನಾದ ದೊರೆಯ ರಾಜ್ಯದಲ್ಲಿ ಬೌದ್ಧ ಭಿಕ್ಷುಗಳಿಗೆ ಬಟ್ಟೆಗೂ ಪುಸ್ತಕಕ್ಕೂ ದಾನ ಸಲ್ಲುತ್ತಿತ್ತೆಂಬುದನ್ನು ಆ ಬಂಡೆಯ ಮೇಲೆಯೇ ಓದಬಹುದು. ಎರಡನೆಯದು ಘಾರಾಪುರಿ, ಎಂದರೆ ಎಲಿಫೆಂಟಾ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದನೆಂದು ಐಹೊಳೆಯ ಶಾಸನ ಹೇಳುವ, ಪಶ್ಚಿಮ ಸಮುದ್ರದ ಲಕ್ಷ್ಮಿಯೆನಿಸಿದ ಪುರಿ ಇದೇ ಇರಬಹುದೆಂದು ಕೆಲವು ವಿದ್ವಾಂಸರ ಮತ. ಒಪ್ಪದವರೂ ಇದ್ದಾರೆ. ಮೂರು ಮುಖದ ಸದಾಶಿವನ ಮುಂದೆ ನಿಂತಾಗ ಆ ಚರ್ಚೆ ಮುಖ್ಯವೆನ್ನಿಸುವುದಿಲ್ಲ. ಪೋರ್ತುಗೀಸರ ಕಾಲದಿಂದ ಬಹಳಷ್ಟು ಮೂರ್ತಿಗಳು ಭಿನ್ನವಾಗಿವೆ. ಆ ದೊಡ್ಡ ಮುಖಗಳು ಮಾತ್ರ ಹೆಚ್ಚುಕಡಿಮೆ ಅಕ್ಷತವಾಗಿ ಉಳಿದಿವೆ.

ಗೇಟ್‌ವೇಯಿಂದ ಲಾಂಚು ಸುಮಾರು ಒಂದು ಗಂಟೆಯಲ್ಲಿ ಅಲ್ಲಿಗೆ ಒಯ್ಯುತ್ತದೆ. 2024ರ ಡಿಸೆಂಬರ್ 18ರಂದು ಈ ದಾರಿಯಲ್ಲಿ ನೌಕಾದಳದ ವೇಗದ ದೋಣಿಯೊಂದು ಪ್ರವಾಸಿಗಳ ಲಾಂಚಿಗೆ ಬಡಿದು ಹನ್ನೆರಡಕ್ಕೂ ಹೆಚ್ಚು ಜನ ಮುಳುಗಿದರು. ಅಂದಿನಿಂದ ಪ್ರಾಣರಕ್ಷಕ ಅಂಗಿ ಕಡ್ಡಾಯ. ಸೆಕೆಯೆಂದು ಅದನ್ನು ಕಳಚಿ ಕೈಯಲ್ಲಿ ಹಿಡಿದುಕೊಳ್ಳುವವರ ಮಾದರಿಯನ್ನು ಅನುಸರಿಸಬೇಡಿ. ಮಳೆಗಾಲದಲ್ಲಿ ಬರುವುದಾದರೆ ಪತ್ರಿಕೆಯಲ್ಲಿ ಉಬ್ಬರದ ವೇಳೆಯನ್ನು ನೋಡಿಕೊಂಡು ಹೊರಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದಾಗ ಉಬ್ಬರವೂ ಕೂಡಿಬಂದುದರಿಂದಲೇ ನೀರು ಇಳಿಯಲು ಜಾಗವಿರಲಿಲ್ಲ. ಹಾಜಿ ಅಲಿಯ ಕಾಲುಹಾದಿಯೂ ಉಬ್ಬರದಲ್ಲಿ ಮುಳುಗುತ್ತದೆ. ಎಲಿಫೆಂಟಾದಿಂದ ಕೊನೆಯ ಲಾಂಚು ಸಂಜೆ ಬೇಗನೆ ಹೊರಡುತ್ತದೆ, ಹೋಗುವಾಗಲೇ ವೇಳೆ ಕೇಳಿಟ್ಟುಕೊಳ್ಳಿ. ಸೋಮವಾರ ಗುಹೆಗಳು ಮುಚ್ಚಿರುತ್ತವೆ.